ಇಮಿಗ್ರೇಷನ್ ಕಚೇರಿ ಮತ್ತೆ ತೆರೆದಾಗ

2020ರ ಮಾರ್ಚ್ 18ರಂದು ಅಮೆರಿಕದ ಯುಎಸ್‌ಸಿಐಎಸ್ (ವಲಸೆ ಅರ್ಜಿ ನೋಡುವ ಇಲಾಖೆ) ಕಚೇರಿಗಳು ಜನರಿಗೆ ಬಾಗಿಲು ಮುಚ್ಚಿದವು. ಜೂನ್ 4ರಿಂದ ಕೆಲವು ಮತ್ತೆ ತೆರೆದವು. ನನ್ನ ಬೆರಳಚ್ಚಿನ ಅಪಾಯಿಂಟ್‌ಮೆಂಟ್ ಆ ನಡುವೆಯೇ ಇತ್ತು.

ಮೊದಲು ನಿಮ್ಮ ವಿಳಾಸ ನೋಡಿಕೊಳ್ಳಿ. ಆಗ ರದ್ದಾದ ಬೆರಳಚ್ಚಿನ ಹೊಸ ದಿನಾಂಕ ತಾನಾಗೇ ಅಂಚೆಯಲ್ಲಿ ಬರುತ್ತಿತ್ತು. ಮನೆ ಬದಲಿಸಿದರೆ 10 ದಿನದೊಳಗೆ ಎಆರ್-11 ಫಾರ್ಮ್ ತುಂಬಲೇಬೇಕು. ನಾನು ಮರೆತಿದ್ದೆ. ಪತ್ರ ಹಳೇ ಮನೆಗೆ ಹೋಯಿತು. ಅಲ್ಲಿನ ಹೊಸ ಬಾಡಿಗೆದಾರರು ಫೋನ್ ಮಾಡದಿದ್ದರೆ ದಿನಾಂಕ ತಪ್ಪಿಹೋಗುತ್ತಿತ್ತು. ಆ ಪುಣ್ಯಾತ್ಮರನ್ನು ದಿನಾ ನೆನೆಯುತ್ತೇನೆ.

ಕಚೇರಿ ಮುಚ್ಚಿದೆ ಅಂತ ಆಗ ಸುಮ್ನೆ ಕೂರುವಂತಿರಲಿಲ್ಲ. ವಾಸದ ಅವಧಿ ವಿಸ್ತರಣೆಯ ಅರ್ಜಿ ಐ-94 (ಎಷ್ಟು ದಿನ ಇರಬಹುದು ಎಂದು ತೋರಿಸುವ ದಾಖಲೆ) ಮುಗಿಯುವ ಮೊದಲೇ ತಲುಪಬೇಕು. ರಸೀದಿ ಜೋಪಾನ.

2020ರಲ್ಲಿ ಹೋಗುವ ದಿನ ಮಾಸ್ಕ್ ಹಾಕಬೇಕಿತ್ತು, ಸ್ವಂತ ಪೆನ್ನು ತನ್ನಿ ಎನ್ನುತ್ತಿದ್ದರು. ಕಪ್ಪು ಇಲ್ಲವೇ ನೀಲಿ. 15 ನಿಮಿಷಕ್ಕಿಂತ ಜಾಸ್ತಿ ಮುಂಚೆ ಒಳಗೆ ಬಿಡುತ್ತಿರಲಿಲ್ಲ. ಕೆಮ್ಮು, ಜ್ವರ ಇದ್ದರೆ ಹೋಗುವಂತಿರಲಿಲ್ಲ. ಹುಷಾರಿಲ್ಲದೆ ದಿನಾಂಕ ಬದಲಿಸಿಕೊಂಡರೆ ದಂಡವಿರಲಿಲ್ಲ.