ಅಂಕಣಕ್ಕೆ ಇಳಿಸುವ ಮುಂಚೆ ನಾನು ನೋಡುವುದು

ಆಪರೇಷನ್ ಆಗಿ ಆರು ತಿಂಗಳಾಗಿತ್ತು. ಮಂಡ್ಯದ ನನ್ನ ಫಿಸಿಯೋ ಕ್ಲಿನಿಕ್‌ಗೆ ಹುಡುಗನ ಜೊತೆ ಅವನ ಅಪ್ಪ, ಕಬಡ್ಡಿ ಕೋಚ್ ಇಬ್ಬರೂ ಬಂದಿದ್ದರು. ಮೈಸೂರಿನ ದಸರಾ ಕ್ರೀಡಾಕೂಟಕ್ಕೆ ಮೂರೇ ವಾರವಿತ್ತು.

'ನೋವೇ ಇಲ್ವಂತೆ ಸಾರ್. ಚೆನ್ನಾಗ್ ಓಡ್ತಾವ್ನೆ, ಆಡಕ್ ಬಿಡಿ' ಅಂದರು ಅಪ್ಪ.

ಹುಡುಗ ರೈಡರ್. ಗಕ್ಕನೆ ತಿರುಗುವಾಗ ಎಡಮಂಡಿಯ ಎಸಿಎಲ್ ಲಿಗಮೆಂಟ್, ಅಂದರೆ ತೊಡೆಮೂಳೆಯನ್ನೂ ಕಾಲಿನ ಮೂಳೆಯನ್ನೂ ಮಂಡಿಯೊಳಗೆ ಹಿಡಿದಿಡುವ ಪಟ್ಟಿ, ಹರಿದಿತ್ತು. ತೊಡೆಯ ಹಿಂಬದಿಯಿಂದ ಸ್ನಾಯುರಜ್ಜು ತೆಗೆದು ಆ ಜಾಗಕ್ಕೆ ಹಾಕಿದ್ದರು. ಹಾಗೆ ಹಾಕಿದ್ದು ಮೊದಮೊದಲು ಬಲ ಕಳೆದುಕೊಳ್ಳುತ್ತದೆ. ಆಮೇಲೆ ತಿಂಗಳುಗಟ್ಟಲೆ ನಿಧಾನವಾಗಿ ಗಟ್ಟಿಯಾಗುತ್ತದೆ. ನೋವು ಮಾತ್ರ ಬೇಗ ಹೋಗಿಬಿಡುತ್ತದೆ. ಮೋಸ ಹೋಗುವುದೇ ಅಲ್ಲಿ. ಈ ಕೆಲಸಕ್ಕೆ ಬಂದ ಹೊಸದರಲ್ಲಿ ನಾನೂ ನೋವಿಲ್ಲ ಅನ್ನುವ ಮಾತು ನಂಬಿ ಒಬ್ಬ ಹುಡುಗಿಯನ್ನು ಆಡಲು ಬಿಟ್ಟಿದ್ದೆ. ಎರಡನೇ ಪಂದ್ಯದಲ್ಲೇ ಅದೇ ಮಂಡಿ ಮತ್ತೆ ಹರಿಯಿತು. ಅವಳ ಅಳು ಇವತ್ತಿಗೂ ಕಿವಿಯಲ್ಲಿದೆ.

ಅದಕ್ಕೇ ಈಗ ಅಳೆದೇ ಹೇಳುತ್ತೇನೆ. ಒಂಟಿ ಕಾಲಲ್ಲಿ ಮುಂದಕ್ಕೆ ಹಾರಿ, ಅದೇ ಕಾಲ ಮೇಲೆ ಅಲ್ಲಾಡದೆ ನಿಲ್ಲಬೇಕು. ಬಲಗಾಲಲ್ಲಿ 160 ಸೆಂಟಿಮೀಟರ್ ಹಾರಿದ, ಎಡಗಾಲಲ್ಲಿ 131. ಅಂದರೆ ಶೇ. 82. ಕಡಿಮೆ ಅಂದರೂ 90 ಬೇಕು. ಅದೂ ಸಾಲದು, ಯಾಕಂದರೆ ಆಟ ಬಿಟ್ಟು ಕೂತಾಗ ಒಳ್ಳೆ ಕಾಲೂ ಸೊರಗಿರುತ್ತದೆ ಅಲ್ವಾ? ದೂರಕ್ಕಿಂತ ಜಾಸ್ತಿ ನಾನು ನೋಡುವುದು ಕಾಲು ಊರುವ ರೀತಿ. ಮೊಬೈಲಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿ ತೋರಿಸಿದೆ. ಪಾದ ನೆಲಕ್ಕೆ ತಾಗಿದ ತಕ್ಷಣ ಎಡಮಂಡಿ ಒಳಕ್ಕೆ ವಾಲುತ್ತಿತ್ತು. ಅಪ್ಪ ಎರಡು ಸಲ ನೋಡಿದರು.

'ಎಳೇ ಹೋರಿಗೆ ನೊಗ ಹೂಡ್ದಂಗಾಯ್ತದೆ ಅನ್ನಿ' ಅಂದರು.

ಕೋಚ್‌ಗೆ ಬೇಸರವಾಯಿತು. 2016ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನದ ವಿಷಯ ಅವರಿಗೆ ಹೇಳಿದೆ. ಒಂಬತ್ತು ತಿಂಗಳವರೆಗೆ ಒಂದೊಂದು ತಿಂಗಳು ತಡೆದಷ್ಟೂ ಮಂಡಿಗೆ ಮತ್ತೆ ಪೆಟ್ಟಾಗುವುದು ಸುಮಾರು ಅರ್ಧಕ್ಕೆ ಇಳಿದಿತ್ತು. ಆ ದಸರಾ ತಪ್ಪಿತು.

ಒಂಬತ್ತನೇ ತಿಂಗಳು ಮುಗಿಯುವ ಹೊತ್ತಿಗೆ ಅಳತೆಯೆಲ್ಲ ಸರಿಹೋಯಿತು. ಆದರೆ ಅಭ್ಯಾಸದಲ್ಲಿ ಬೋನಸ್ ಲೈನಿಗೆ ಎಡಗಾಲು ಚಾಚಲೇ ಇಲ್ಲ. ಭಯ ಇನ್ನೂ ಇತ್ತು. ಸುಮ್ನೆ 'ಹೆದರಬೇಡ' ಅಂದರೆ ಹೋಗುವಂಥದ್ದಲ್ಲ ಅದು. ಮೊದಲು ಒಬ್ಬನೇ ಮೆಲ್ಲಗೆ ಹಿಡಿಯಲಿ, ಆಮೇಲೆ ಜೋರಾಗಿ, ಆಮೇಲೆ ಇಬ್ಬರು ಅಂತ ಕೋಚ್ ಹತ್ತಿರ ಹೇಳಿ ಮಾಡಿಸಿದೆ.

ಹತ್ತನೇ ತಿಂಗಳ ಒಂದು ಸಂಜೆ ಡಿಫೆಂಡರ್ ಅವನ ಎಡಗಾಲಿನ ಹರಡನ್ನೇ ಗಟ್ಟಿಯಾಗಿ ಹಿಡಿದ. ಹುಡುಗ ತಿರುಗಿ, ಎಳೆದುಕೊಂಡೇ ನಡುಗೆರೆ ಮುಟ್ಟಿದ. ಎದ್ದವನು ಮಂಡಿ ಕಡೆ ನೋಡಲೂ ಇಲ್ಲ, ಮ್ಯಾಟಿನ ಧೂಳು ಒದರಿಕೊಂಡು ಮುಂದಿನ ರೈಡಿಗೆ ನಿಂತ. ಮಾರನೇ ದಿನ ಆಪರೇಷನ್ ಮಾಡಿದ ಡಾಕ್ಟರಿಗೆ ಫೋನ್ ಮಾಡಿ, ಚೀಟಿಗೆ ಸಹಿ ಹಾಕಿದೆ.