ಹಳೇ ಪಿಕಪ್‌ನ ವೈರಿಂಗ್: ಕಿತ್ತು ಹಾಕುವ ಮೊದಲು ಇಷ್ಟು ನೋಡಿ

ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಜತೆಗೆ ಮಿಣುಕುತ್ತದೆ, ಹೆಡ್‌ಲೈಟ್ ಹಾಕಿದ ಕೂಡಲೇ ಹಾರ್ನಿನ ದನಿ ಕುಗ್ಗುತ್ತದೆ, ಬಲ್ಬು ಬದಲಿಸಿದರೂ ಬೆಳಕು ಮಂಕು. ಹಳೇ ಪಿಕಪ್ ಇಟ್ಟುಕೊಂಡವರ ದೂರುಗಳು ಹೆಚ್ಚಾಗಿ ಇಂಥವೇ. ಕೆಲವರು ಪೂರ್ತಿ ವೈರಿಂಗ್ ಕಿತ್ತು ಹೊಸದು ಹಾಕಿಸಿ ಅನ್ನುತ್ತಾರೆ, ಇನ್ನು ಕೆಲವರು ಪ್ಲಸ್ಸಿನಿಂದ ಇನ್ನೊಂದು ವೈರು ಎಳೆದು ಟೇಪು ಸುತ್ತಿ ಕಳಿಸುತ್ತಾರೆ. ಎರಡಕ್ಕೂ ಅವಸರಪಡಬೇಡಿ. ವೈರಿನ ನಡುಭಾಗ ಕೆಡುವುದು ಕಡಿಮೆ. ಕೆಡುವುದು ಅದರ ತುದಿಗಳು, ಅರ್ತಿಂಗು, ಮತ್ತೆ ಹಿಂದೆ ಯಾರೋ ಮಾಡಿಹೋದ ಜಾಯಿಂಟುಗಳು. ಈ ಮೂರನ್ನು ನೋಡಿ ಮುಗಿಸುವವರೆಗೆ ಹೊಸ ಹಾರ್ನೆಸ್ಸಿನ (ಗಾಡಿಯ ವೈರುಗಳ ಇಡೀ ಕಟ್ಟಿನ) ಮಾತೇ ಎತ್ತಬಾರದು ಅನ್ನುವವರು ನಾವು.

ಕೈಹಾಕುವ ಮೊದಲು ಬ್ಯಾಟರಿ ಕಳಚಿ. ಗಾಡಿಯ ಬಾಡಿಗೆ, ಅಂದರೆ ಕಬ್ಬಿಣದ ಮೈಗೆ ಹೋಗಿರುವ ಕೇಬಲ್ಲನ್ನು ಮೊದಲು ಬಿಚ್ಚಬೇಕು, ಕೊನೆಗೆ ಹಾಕಬೇಕು. ಸಾಮಾನ್ಯವಾಗಿ ಅದು ಮೈನಸ್. ತೀರಾ ಹಳೆಯ ಕೆಲವು ಗಾಡಿಗಳಲ್ಲಿ ಪ್ಲಸ್ಸೇ ಬಾಡಿಗೆ ಸೇರಿರುತ್ತದೆ, ಹಾಗಾಗಿ ಬಣ್ಣ ನಂಬದೆ ಕೇಬಲ್ ಎಲ್ಲಿಗೆ ಹೋಗಿದೆ ಅಂತ ಕಣ್ಣಾರೆ ನೋಡಿಕೊಳ್ಳಿ. ಕ್ರಮ ತಪ್ಪಿದರೆ ಸ್ಪ್ಯಾನರ್ ಒಂದು ಕಡೆ ಟರ್ಮಿನಲ್ಲಿಗೂ ಇನ್ನೊಂದು ಕಡೆ ಬಾಡಿಗೂ ತಗುಲಿ ಶಾರ್ಟ್ ಆಗುತ್ತದೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ, ಅದಕ್ಕೆ ಒಂದು ಕಿಡಿ ಸಾಕು. ಉಂಗುರ, ಬಳೆ, ಕೈಗಡಿಯಾರ ತೆಗೆದಿಟ್ಟೇ ಕೂರಿ. ಇಂಜಿನ್ ಓಡುವಾಗ ಟರ್ಮಿನಲ್ ಕಿತ್ತು ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಪರೀಕ್ಷೆ ಮಾಡುವ ಚಾಳಿ ಕೆಲವರಿಗಿದೆ. ದಯವಿಟ್ಟು ಬೇಡ. ವೋಲ್ಟೇಜ್ ದಿಢೀರನೆ ಏರಿ ಡಯೋಡೋ ರೆಗ್ಯುಲೇಟರೋ ಹೋಗಿಬಿಡುತ್ತದೆ.

ಮೊದಲು ಅರ್ತಿಂಗಿಗೇ ಬರೋಣ. ಬಲ್ಬಿಗೆ ಹೋದ ಕರೆಂಟು ಗಾಡಿಯ ಕಬ್ಬಿಣದ ಮೂಲಕವೇ ಬ್ಯಾಟರಿಗೆ ಮರಳಬೇಕು. ಆ ದಾರಿಯಲ್ಲಿ ತುಕ್ಕು ಕೂತರೆ ಕರೆಂಟು ಪಕ್ಕದ ಬಲ್ಬಿನ ಫಿಲಮೆಂಟನ್ನೇ ದಾರಿ ಮಾಡಿಕೊಳ್ಳುತ್ತದೆ. ಇಂಡಿಕೇಟರಿನ ಜತೆ ಬ್ರೇಕ್ ಲೈಟು ಕುಣಿಯುವುದು ಇದರಿಂದಲೇ. ಹಿಂದಿನ ಲೈಟಿನ ಅರ್ತಿಂಗ್ ಸ್ಕ್ರೂ ಬಿಚ್ಚಿ, ವೈರಿನ ತುದಿಯ ಲೋಹದ ಬಿಲ್ಲೆ, ಅಂದರೆ ಲಗ್ಗಿನ ಅಡಿಗೂ ಬಾಡಿಗೂ ಉಪ್ಪುಕಾಗದ ಹಾಕಿ ಲೋಹ ಹೊಳೆಯುವ ತನಕ ಉಜ್ಜಿ. ಪೇಂಟಿನ ಮೇಲೆ ಲಗ್ಗು ಕೂರಿಸಿದರೆ ಪ್ರಯೋಜನವಿಲ್ಲ. ಹಲ್ಲಿನ ವಾಷರ್ ಹಾಕಿ ಬಿಗಿದು, ಬಿಗಿದ ಮೇಲೆ ಹೊರಗಡೆಯಿಂದ ಗ್ರೀಸ್ ಸವರಿ. ಸರಿಯಾಯಿತೋ ಇಲ್ಲವೋ ತಿಳಿಯಲು ಬ್ಯಾಟರಿ ಮತ್ತೆ ಜೋಡಿಸಿ, ಲೈಟು ಹೊತ್ತಿಸಿ, ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಬಾಡಿ ಕೇಬಲ್ ಸೇರುವ ಕಂಬಕ್ಕೆ (ಸಾಮಾನ್ಯವಾಗಿ ಮೈನಸ್), ಇನ್ನೊಂದು ಬಲ್ಬಿನ ಹೋಲ್ಡರಿನ ಲೋಹಕ್ಕೆ ಹಿಡಿಯಿರಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದಾರಿಯಲ್ಲಿ ಇನ್ನೂ ಕೊಳೆ ಇದೆ ಅಂತಲೇ. ಲೈಟು ಆರಿಸಿಕೊಂಡು ಅಳೆದರೆ ಏನೂ ಗೊತ್ತಾಗುವುದಿಲ್ಲ, ಕರೆಂಟು ಹರಿಯುತ್ತಿರುವಾಗಲೇ ಅಳೆಯಬೇಕು.

ಇಂಜಿನ್ನಿನಿಂದ ಬಾಡಿಗೆ ಹೋಗುವ ಹೆಣೆದ ತಂತಿಯ ಪಟ್ಟಿ ಒಂದಿರುತ್ತದೆ. ಇಂಜಿನ್ ಇಳಿಸಿ ಏರಿಸಿದಾಗ ಎಷ್ಟೋ ಸಲ ಇದನ್ನು ಮತ್ತೆ ಹಾಕಿಯೇ ಇರುವುದಿಲ್ಲ. ಆಗ ಸೆಲ್ಫ್ ಹೊಡೆದಾಗಿನ ಅಷ್ಟೂ ಕರೆಂಟು ಆಕ್ಸಿಲರೇಟರ್ ಕೇಬಲ್ಲೋ ಕ್ಲಚ್ ಕೇಬಲ್ಲೋ ಹಿಡಿದು ಮರಳಬಹುದು. ಕಾರಣವಿಲ್ಲದೆ ಈ ಕೇಬಲ್ಲುಗಳು ಕಾದರೆ, ಬಿಗಿಯಾದರೆ, ಹೊಸ ಕೇಬಲ್ ತರುವ ಮೊದಲು ಈ ಪಟ್ಟಿ ಇದೆಯೇ ಅಂತ ಗಾಡಿಯಡಿ ಬಗ್ಗಿ ನೋಡಿ.

ಇನ್ನು ಫ್ಯೂಸು. ಫ್ಯೂಸ್ ಇರುವುದು ಬಲ್ಬು ಉಳಿಸಲಿಕ್ಕಲ್ಲ, ವೈರು ಉಳಿಸಲಿಕ್ಕೆ. 10 ಆಂಪಿಯರಿನದು ಪದೇ ಪದೇ ಹೋಗುತ್ತದೆ ಅಂತ 30ರದ್ದು ಹಾಕುವುದು, ಬೇಗಡೆ ಸುತ್ತಿ ಕೂರಿಸುವುದು, ಇವೆಲ್ಲ ವೈರನ್ನೇ ಫ್ಯೂಸ್ ಮಾಡಿದ ಹಾಗೆ. ಡ್ಯಾಶ್‌ಬೋರ್ಡಿನ ಹಿಂದೆ ಇಡೀ ಕಟ್ಟು ಕರಗಿ ಹೊಗೆಯೇಳುವ ಗಾಡಿಗಳಲ್ಲಿ ಮೊದಲು ಹುಡುಕಬೇಕಾದ್ದು ಇಂಥ ಫ್ಯೂಸನ್ನೇ. ಬ್ಲೇಡ್ ಫ್ಯೂಸಿನಲ್ಲಿ ಕೆಂಪು 10, ನೀಲಿ 15, ಹಳದಿ 20, ಹಸಿರು 30. ಹಳೆಯ ಗಾಜಿನ ಕೊಳವೆ ಫ್ಯೂಸಾದರೆ ಹಿಡಿಯುವ ಕ್ಲಿಪ್ಪುಗಳ ಮೇಲೂ ಗಮನವಿರಲಿ. ಕ್ಲಿಪ್ಪು ಸಡಿಲವಾಗಿ ಕಿಲುಬು ಹಿಡಿದರೆ ಅಲ್ಲೇ ಕಾದು, ಶಾರ್ಟ್ ಇಲ್ಲದೆಯೂ ಫ್ಯೂಸ್ ಹೋಗುತ್ತದೆ.

ಫ್ಯೂಸ್ ಹಾಕಿದ ಕೂಡಲೇ ಹೋಗುತ್ತಿದ್ದರೆ ಎಲ್ಲೋ ವೈರು ಬಾಡಿಗೆ ತಗುಲುತ್ತಿದೆ. ಅದನ್ನು ಹುಡುಕಲು ಡಬ್ಬಿಗಟ್ಟಲೆ ಫ್ಯೂಸ್ ಸುಡಬೇಕಿಲ್ಲ. ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ವೈರು ಕಟ್ಟಿ ಫ್ಯೂಸಿನ ಜಾಗದಲ್ಲಿ ಜೋಡಿಸಿ. ಆ ಲೈನಿನ ಬಲ್ಬುಗಳನ್ನೆಲ್ಲ ಹೋಲ್ಡರಿನಿಂದ ತೆಗೆದಿಟ್ಟು, ಬ್ಯಾಟರಿ ಜೋಡಿಸಿಕೊಂಡು ಸ್ವಿಚ್ ಹಾಕಿ. ಶಾರ್ಟ್ ಇದ್ದರೆ ನಿಮ್ಮ ಬಲ್ಬು ಪೂರ್ತಿ ಉರಿಯುತ್ತದೆ. ಹರಿಯುವುದು ಎರಡು ಆಂಪಿಯರಿಗೂ ಕಡಿಮೆಯಾದ್ದರಿಂದ ವೈರು ಸುಡುವ ಭಯವಿಲ್ಲ. ಈಗ ಮುಂದಿನಿಂದ ಹಿಂದಕ್ಕೆ ಹಾರ್ನೆಸ್ಸನ್ನು ಗೇಣು ಗೇಣಾಗಿ ಅಲುಗಾಡಿಸುತ್ತ ಹೋಗಿ, ಬಲ್ಬಿನ ಮೇಲೆ ಕಣ್ಣಿಡಲು ಇನ್ನೊಬ್ಬರಿರಲಿ. ಬಲ್ಬು ಮಿಣುಕಿದ್ದು ಯಾವ ಜಾಗ ಮುಟ್ಟಿದಾಗ, ಗಾಯ ಅಲ್ಲೇ ಇದೆ. ಡ್ಯಾಶ್‌ಬೋರ್ಡಿನಿಂದ ಇಂಜಿನ್ ಕಡೆಗೆ ವೈರು ದಾಟುವ ತೂತಿನ ರಬ್ಬರ್ ಬುಷ್, ಬಾಗಿಲಿನ ಕೀಲು, ಸೈಲೆನ್ಸರ್ ಪಕ್ಕ, ಹಿಂದಿನ ಡಾಲಾದ (ಸರಕು ತುಂಬುವ ಭಾಗದ) ಅಡಿಯಲ್ಲಿ ಚಾಸಿಗೆ ಕ್ಲಿಪ್ ಹಿಡಿದಿರುವ ಜಾಗಗಳು, ಹೆಚ್ಚಾಗಿ ಸಿಗುವುದು ಇಲ್ಲೆಲ್ಲ. ಗಾಡಿ ತಿಂಗಳುಗಟ್ಟಲೆ ನಿಂತಿದ್ದರೆ ಇಲಿ ಕಡಿದಿರುವುದೂ ಉಂಟು.

ಗಾಯ ಸಿಕ್ಕಿತು, ಬ್ಯಾಟರಿ ಮತ್ತೆ ಕಳಚಿ. ಕತ್ತರಿಸಿ ಜೋಡಿಸಿದರೆ ಮುಗಿಯಿತು ಅಂತ ಅಂದುಕೊಳ್ಳುವುದು ಇಲ್ಲೇ. ಹೊದಿಕೆ ಸ್ವಲ್ಪ ಸುಲಿದು ತಾಮ್ರದ ಎಳೆಗಳ ಬಣ್ಣ ನೋಡಿ. ಕಪ್ಪಗೋ ಹಸಿರು ಪುಡಿ ಹಿಡಿದೋ ಇದ್ದರೆ ಆ ತಾಮ್ರ ಕೆಲಸಕ್ಕೆ ಬಾರದು. ಬತ್ತಿ ಎಣ್ಣೆ ಹೀರುವ ಹಾಗೆ ಎಳೆಗಳು ನೀರನ್ನು ಒಳಕ್ಕೆ ಎಳೆದುಕೊಂಡಿರುತ್ತವೆ, ಹೊರಗಿನ ಹೊದಿಕೆ ಚೆನ್ನಾಗಿಯೇ ಕಾಣುತ್ತಿದ್ದರೂ ಒಳಗೆ ಕಿಲುಬು ಎಷ್ಟೋ ಮುಂದಕ್ಕೆ ಹೋಗಿರುತ್ತದೆ. ಒಂದು ಬೆರಳು ಹಿಂದೆ ಕತ್ತರಿಸಿ ಮತ್ತೆ ಸುಲಿಯಿರಿ. ಇನ್ನೂ ಕಪ್ಪೇ? ಇನ್ನೊಂದು ಬೆರಳು. ಹೊಸ ತಾಮ್ರದ ಕೆಂಪು ಕಾಣುವ ತನಕ ಹಿಂದೆ ಸರಿಯುತ್ತಲೇ ಇರಿ, ಕಡಿಮೆಬಿದ್ದ ಉದ್ದಕ್ಕೆ ಹೊಸ ತುಂಡು ಹಾಕಿದರಾಯಿತು. ಕಪ್ಪು ತಾಮ್ರದ ಮೇಲೆ ಎಷ್ಟೇ ಒಳ್ಳೆಯ ಜಾಯಿಂಟ್ ಮಾಡಿದರೂ ಅದು ಕಾಯುತ್ತದೆ, ಮತ್ತೆ ಕೈಕೊಡುತ್ತದೆ.

ಜೋಡಿಸುವ ಬಗೆಯ ಮೇಲೆ ಜಗಳವೇ ಇದೆ. ನಾವು ಕ್ರಿಂಪ್ ಮಾಡುವ, ಅಂದರೆ ಲೋಹದ ಸ್ಲೀವಿನೊಳಗೆ ವೈರಿನ ತುದಿಗಳನ್ನು ತೂರಿಸಿ ಒತ್ತುವ ಪಕ್ಷ. ಬೆಸುಗೆ ಹಾಕಿದರೆ ಸೀಸ ಎಳೆಗಳೊಳಗೆ ಹರಿದು ವೈರು ಅಷ್ಟುದ್ದ ಕಡ್ಡಿಯಾಗುತ್ತದೆ. ಗಾಡಿಯ ಅದುರಾಟಕ್ಕೆ ಆ ಕಡ್ಡಿ ಮುಗಿದು ಮೆತ್ತನೆಯ ವೈರು ಶುರುವಾಗುವ ಜಾಗದಲ್ಲೇ ಮುರಿಯುತ್ತದೆ. ಬೆಸುಗೆಯೇ ಹಾಕುವುದಾದರೆ ಎರಡೂ ಬದಿ ಅಲುಗಾಡದಂತೆ ಕಟ್ಟಲೇಬೇಕು. ಕ್ರಿಂಪಿಗೆ ವೈರಿನ ದಪ್ಪಕ್ಕೆ ತಕ್ಕ ಸ್ಲೀವ್ ಬೇಕು, ಒತ್ತುವುದಕ್ಕೆ ಅದರದೇ ಇಕ್ಕಳ ಬೇಕು. ಕಟಿಂಗ್ ಪ್ಲೇಯರಿನಲ್ಲಿ ಜಜ್ಜಿದ್ದು ಕ್ರಿಂಪ್ ಅಲ್ಲ. ಒತ್ತಿದ ಮೇಲೆ ಜಗ್ಗಿ ನೋಡಿ, ಕಿತ್ತುಬಂದರೆ ಈಗಲೇ ಬರಲಿ. ಹೀಟ್ ಶ್ರಿಂಕ್ ಕೊಳವೆಯನ್ನು (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವಂಥದ್ದು) ಜೋಡಿಸುವ ಮೊದಲೇ ವೈರಿಗೆ ತೂರಿಸಿಟ್ಟಿರಬೇಕು, ಒಳಗೆ ಅಂಟಿರುವ ಜಾತಿಯದಾದರೆ ನೀರು ಇಳಿಯುವುದಿಲ್ಲ. ಬರೀ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದರೆ ಇಂಜಿನ್ನಿನ ಕಾವಿಗೆ ಅಂಟು ಜಾರಿ ಟೇಪು ಬಿಚ್ಚಿಕೊಳ್ಳುತ್ತದೆ. ಒಂದೇ ಕಟ್ಟಿನ ನಾಲ್ಕೈದು ವೈರು ಜೋಡಿಸುವಾಗ ಜಾಯಿಂಟುಗಳನ್ನು ಒಂದರ ಪಕ್ಕ ಒಂದು ತರದೆ ಹಿಂದೆಮುಂದೆ ಮಾಡಿ, ಕಟ್ಟು ಉಬ್ಬುವುದಿಲ್ಲ.

ವೈರು ಆರಿಸುವಾಗ ಮನೆಗೆ ಹಾಕುವ ಒಂಟಿ ಕಡ್ಡಿಯ ವೈರು ಬೇಡವೇ ಬೇಡ, ಅದುರಾಟಕ್ಕೆ ಮುರಿಯುತ್ತದೆ. ಸಣ್ಣ ಎಳೆಗಳ ಗಾಡಿ ವೈರೇ ಬೇಕು. ಮನೆ ವೈರಿನ ಸಾಧಾರಣ ಪಿವಿಸಿ ಹೊದಿಕೆ 70 ಡಿಗ್ರಿ ಕಾವಿಗೆ ಮಾಡಿದ್ದು, ಇಂಜಿನ್ ಪಕ್ಕದಲ್ಲಿ ಅದು ಬಾಳುವುದಿಲ್ಲ. ಎಳೆಗಳು ಬೆಳ್ಳಗಿದ್ದರೆ ಚಾಕುವಿನಿಂದ ಕೆರೆದು ನೋಡಿ: ಕಲಾಯಿ ಮಾಡಿದ ತಾಮ್ರವಾದರೆ ಒಳಗೆ ಕೆಂಪು ಕಾಣುತ್ತದೆ. ಕೆಂಪಗಿರುವ ಎಳೆಯನ್ನು ಕೆರೆದಾಗ ಒಳಗೆ ಬಿಳಿ ಕಂಡರೆ ಅದು ತಾಮ್ರದ ಲೇಪದ ಅಲ್ಯೂಮಿನಿಯಂ, ಬಿಟ್ಟುಬಿಡಿ. ದಪ್ಪದ ಲೆಕ್ಕ ಕಷ್ಟದ್ದಲ್ಲ. 60 ವ್ಯಾಟಿನ ಹೆಡ್‌ಲೈಟ್ 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ, ಎರಡಕ್ಕೆ 10. ಒಂದೊಂದಕ್ಕೆ 1.5 ಚದರ ಮಿಲಿಮೀಟರಿನ ವೈರು, ಎರಡಕ್ಕೂ ಸೇರಿ ಬರುವ ಲೈನಿಗೆ 2.5 ಇದ್ದರೆ ನೆಮ್ಮದಿ. ಉಳಿದದ್ದಕ್ಕೆ ಹಳೆಯ ವೈರಿನಷ್ಟೇ ದಪ್ಪ ಅಥವಾ ಒಂದು ಕೈ ಹೆಚ್ಚು, ಎಂದೂ ಕಡಿಮೆಯಲ್ಲ. ಬಣ್ಣವೂ ಮೊದಲಿನದೇ ಸಿಕ್ಕರೆ ಮುಂದೆ ಕೈಹಾಕುವವರಿಗೆ ಉಪಕಾರ.

ಹಳೇ ಪಿಕಪ್‌ಗಳಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿನೊಳಗೇ ಹೋಗುವುದುಂಟು. ಸ್ವಿಚ್ ಕಾಯುತ್ತಿದ್ದರೆ ರಿಲೇ ಹಾಕಿಬಿಡಿ, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು ಅದು. ರಿಲೇಯ 30 ಅಂತ ನಂಬರಿರುವ ಕಾಲಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಬಂದ ವೈರು, 87ರಿಂದ ಬಲ್ಬಿಗೆ, 85 ಮತ್ತು 86ರಲ್ಲಿ ಒಂದಕ್ಕೆ ಹಳೆಯ ಸ್ವಿಚ್ಚಿನ ವೈರು, ಇನ್ನೊಂದಕ್ಕೆ ಅರ್ತಿಂಗ್. ಡಿಮ್ಮಿಗೆ ಒಂದು, ಬ್ರೈಟಿಗೆ ಒಂದು ರಿಲೇ. ಫ್ಯೂಸು ಬ್ಯಾಟರಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು, ಏಕೆಂದರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರಿಗೆ ಕಾವಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಆಂಪಿಯರ್ ಮೀಟರ್ ಇರುವ ಗಾಡಿಯಾದರೆ ಅದರ ಹಿಂದಿನ ನಟ್ಟುಗಳನ್ನು ತಪ್ಪದೆ ಬಿಗಿ ಮಾಡಿ. ಚಾರ್ಜಿಂಗ್ ಕರೆಂಟು ಹಾದುಹೋಗುವುದು ಆ ಎರಡು ನಟ್ಟುಗಳ ಮೂಲಕ.

ಹಾಗಾದರೆ ಪೂರ್ತಿ ಬದಲಿಸುವುದು ಯಾವಾಗ? ಮೂರ್ನಾಲ್ಕು ಕಡೆ ವೈರನ್ನು ಬೆರಳಿಗೆ ಸುತ್ತಿ ಬಗ್ಗಿಸಿ ನೋಡಿ. ಎಲ್ಲ ಕಡೆಯೂ ಹೊದಿಕೆ ಚಟ್ಟನೆ ಬಿರುಕು ಬಿಟ್ಟರೆ, ಇಲ್ಲವೇ ಕಟ್ಟು ಕರಗಿ ವೈರುಗಳು ಒಂದಕ್ಕೊಂದು ಅಂಟಿದ್ದರೆ, ಇನ್ನು ರಿಪೇರಿಯ ಮಾತಿಲ್ಲ. ಆಗಲೂ ಹಳೆಯದನ್ನು ಕತ್ತರಿಸಿ ಎಸೆಯಬೇಡಿ. ಪ್ರತಿ ತುದಿಗೂ ಚೀಟಿ ಕಟ್ಟಿ, ಫೋಟೋ ತೆಗೆದು, ಇಡಿಯಾಗಿ ಹೊರತೆಗೆಯಿರಿ. ಹಲಗೆಯ ಮೇಲೆ ಹಾಸಿ, ಕವಲೊಡೆಯುವ ಕಡೆಯಲ್ಲೆಲ್ಲ ಮೊಳೆ ಹೊಡೆದು, ಅದರ ಮೇಲೇ ಹೊಸದನ್ನು ಎಳೆಯುತ್ತ ಬಂದರೆ ಉದ್ದ ತಪ್ಪುವುದಿಲ್ಲ. ಇಂಜಿನ್ನಿಗೆ ಹೋಗುವ ಕವಲುಗಳಲ್ಲಿ ಕೊಂಚ ಸಡಿಲ ಇರಲಿ. ಬ್ಯಾಟರಿ ಹತ್ತಿರ ದಪ್ಪ ವೈರಿಗೆ ಜೋಡಿಸಿದ ತೆಳುವಾದ ತುಂಡೊಂದು ಸಿಗಬಹುದು. ಅದು ಫ್ಯೂಸಿಬಲ್ ಲಿಂಕ್, ಮಿತಿಮೀರಿದರೆ ತಾನೇ ಕರಗುವಂತೆ ಮಾಡಿದ ವೈರು. ಅದರ ಜಾಗಕ್ಕೆ ಮಾಮೂಲಿ ವೈರು ಹಾಕಬಾರದು.

ಕೆಲಸ ಮುಗಿದು ಬ್ಯಾಟರಿ ಹಾಕುವಾಗ ಅದೇ 21 ವ್ಯಾಟ್ ಬಲ್ಬನ್ನು ಬಾಡಿ ಕೇಬಲ್ಲಿಗೂ ಟರ್ಮಿನಲ್ಲಿಗೂ ನಡುವೆ ಹಿಡಿಯಿರಿ. ಎಲ್ಲ ಸ್ವಿಚ್ಚೂ ಆಫ್ ಇದ್ದು, ಬಾಗಿಲು ಮುಚ್ಚಿದ್ದಾಗ ಬಲ್ಬು ಹೊತ್ತಬಾರದು. ಹೊತ್ತಿದರೆ ಟರ್ಮಿನಲ್ ಬಿಗಿಯದೆ ಹುಡುಕಿ. ಇಂಜಿನ್ ಓಡಿಸಿದಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟಿನೊಳಗೆ ಇರಬೇಕು. ಹೆಡ್‌ಲೈಟ್, ವೈಪರ್ ಎಲ್ಲವನ್ನೂ ಕಾಲು ಗಂಟೆ ಓಡಿಸಿ, ಆರಿಸಿದ ಮೇಲೆ ಹೊಸ ಜಾಯಿಂಟು, ಫ್ಯೂಸ್ ಕ್ಲಿಪ್ಪು, ಅರ್ತಿಂಗ್ ಲಗ್ಗುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ. ಅಕ್ಕಪಕ್ಕದ ವೈರಿಗಿಂತ ಬಿಸಿಯಾಗಿರುವ ಜಾಯಿಂಟನ್ನು ಅಂದೇ ಕತ್ತರಿಸಿ ಮತ್ತೆ ಮಾಡಿ. ಒಂದು ವಾರ ಗಾಡಿ ಓಡಿದ ಮೇಲೆ ಅರ್ತಿಂಗ್ ಬೋಲ್ಟುಗಳಿಗೂ ಬ್ಯಾಟರಿ ಟರ್ಮಿನಲ್ಲಿಗೂ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ಬಿಡಿ.