ಯಕ್ಷಗಾನದ ಆಭರಣಗಳಿಗೆ ಕೆತ್ತನೆಯ ಬಾಗಿಲಿನ ಕಪಾಟು: ನನ್ನ ಅನುಭವ

ಕುಮಟಾ ಸಮೀಪದ, ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಹಿರಿಯ ಕಲಾವಿದರೊಬ್ಬರು ತಮ್ಮ ಕಿರೀಟ, ಎದೆಪದಕ, ಭುಜಕೀರ್ತಿಗಳನ್ನು ಮನೆಯ ಜಗುಲಿಯಲ್ಲಿ ಎಲ್ಲರಿಗೂ ಕಾಣುವಂತೆ ಇಡಲು ಕಪಾಟೊಂದನ್ನು ಮಾಡಿಕೊಡಬೇಕೆಂದು ಕೇಳಿದರು. ಮೇಲ್ಭಾಗಕ್ಕೆ ಗಾಜು, ಕೆಳಭಾಗಕ್ಕೆ ಕೆತ್ತನೆಯ ಜೋಡಿ ಬಾಗಿಲು ಎಂಬುದು ಅವರ ಅಪೇಕ್ಷೆಯಾಗಿತ್ತು. ಅದರ ಜೊತೆಗೆ, "ತಮಾ, ಮಳೆಗಾಲದಲ್ಲೂ ಬಾಗಿಲು ಸಲೀಸಾಗಿ ತೆಗೆಯಲಿಕ್ಕೆ ಬರಬೇಕು" ಎಂದೂ ಹೇಳಿದರು. ಕರಾವಳಿಯಲ್ಲಿ ಕಪಾಟು ಮಾಡುವವನಿಗೆ ಇದಕ್ಕಿಂತ ಸರಿಯಾದ ಸೂಚನೆ ಬೇರೊಂದಿಲ್ಲ ಎಂದು ನಾನು ನಂಬಿದ್ದೇನೆ.

ಹಗುರ ಮರದ ಮೇಲೆ ಬೇಗಡೆ (ಹೊಳೆಯುವ ತೆಳು ಹಾಳೆ) ಮತ್ತು ಕನ್ನಡಿ ಚೂರುಗಳನ್ನು ಅಂಟಿಸಿ ಮಾಡುವ ಈ ಆಭರಣಗಳಿಗೆ ಧೂಳಿಗಿಂತ ತೇವವೇ ದೊಡ್ಡ ಶತ್ರು. ಆದ್ದರಿಂದ ಒಂದೊಂದನ್ನೂ ನಿಲ್ಲಿಸಿ ಅಳತೆ ತೆಗೆದುಕೊಂಡ ಮೇಲೆ, ಕಪಾಟಿನ ಬೆನ್ನು ಚಿರೇಕಲ್ಲಿನ ಗೋಡೆಗೆ ತಾಗದಂತೆ ಎರಡು ಇಂಚು ಅಂತರ ಇಟ್ಟು, ಕಾಲುಗಳ ಮೇಲೆ ಅರ್ಧ ಅಡಿ ಎತ್ತರಿಸಿ, ಹಿಂಬದಿಯ ಹಲಗೆಯ ಮೇಲೂ ಕೆಳಗೂ ಗಾಳಿಯಾಡಲು ಜಾಗ ಬಿಟ್ಟು ನಕ್ಷೆ ಮಾಡಿದೆ. ನಕ್ಷೆಯನ್ನು ಕಾಗದದಲ್ಲಿ ಚಿಕ್ಕದಾಗಿ ಬರೆಯುವ ಬದಲು ಪ್ಲೈವುಡ್ ಹಾಳೆಯ ಮೇಲೆ ಪೂರ್ಣ ಅಳತೆಯಲ್ಲೇ ಬರೆಯುವುದು ನನ್ನ ಕ್ರಮ. ಹಾಗೆ ಬರೆದಾಗ ಬಾಗಿಲಿನ ಪಟ್ಟಿ ದಪ್ಪವಾಯಿತೋ ತೆಳುವಾಯಿತೋ ಎಂಬುದು ಕಣ್ಣಿಗೇ ತಿಳಿಯುತ್ತದೆ.

ಚೌಕಟ್ಟಿಗೆ ಸಾಗವಾನಿಯನ್ನೂ ಕೆತ್ತನೆಯ ಹಲಗೆಗೆ ಹಲಸನ್ನೂ ಆರಿಸಿಕೊಂಡೆ. ಹಲಸಿನ ಹಲಗೆಗಳು ಅವರದೇ ಮನೆಯ ಅಟ್ಟದಲ್ಲಿ ವರ್ಷಗಳಿಂದ ಒಣಗಿ ಕುಳಿತಿದ್ದವು. ಒಂದೇ ದಪ್ಪ ಹಲಗೆಯನ್ನು ನಡುವೆ ಸೀಳಿ, ಎರಡು ಬಾಗಿಲಿಗೂ ಜೋಡಿಯಾಗಿ ಬಳಸಿದ್ದರಿಂದ ಮರದ ಗೆರೆಗಳು ಎಡಬಲಕ್ಕೆ ಸಮನಾಗಿ ಕೂಡಿಬಂದವು.

ಎಲ್ಲಕ್ಕಿಂತ ಹೆಚ್ಚು ಲಕ್ಷ್ಯ ಬೇಡುವುದು ಬಾಗಿಲು. ಮರವು ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಅಗಲಕ್ಕೆ ಮಾತ್ರ, ಒಂದು ಅಡಿಯ ಹಲಗೆ ನಮ್ಮ ಬೇಸಿಗೆ ಮತ್ತು ಮಳೆಗಾಲಗಳ ನಡುವೆ ಸುಮಾರು 3 ಮಿ.ಮೀ. ಹಿಗ್ಗಿ ಕುಗ್ಗಬಲ್ಲದು. ಕೆತ್ತಿದ ಹಲಗೆಯನ್ನು ಚೌಕಟ್ಟಿಗೆ ಅಂಟಿಸಿ ಬಿಗಿದರೆ ಒಂದೋ ಹಲಗೆ ಸೀಳುತ್ತದೆ, ಇಲ್ಲವೇ ಚೌಕಟ್ಟಿನ ಮೂಲೆ ಬಿಡುತ್ತದೆ. ಆದ ಕಾರಣ ಚೌಕಟ್ಟಿನ ಒಳಅಂಚಿನಲ್ಲಿ 10 ಮಿ.ಮೀ. ಆಳದ ತೋಡು ಕೊರೆದು, ಹಲಗೆಯ ಅಂಚು ಅದರೊಳಗೆ 7 ಮಿ.ಮೀ. ಮಾತ್ರ ಹೋಗುವಂತೆ ಬಿಟ್ಟೆ. ಅಂಟು ಹಾಕಿದ್ದು ಹಲಗೆಯ ಮೇಲಂಚು ಮತ್ತು ಕೆಳಅಂಚುಗಳ ನಟ್ಟನಡುವೆ ಒಂದೊಂದು ಹನಿ ಅಷ್ಟೇ. ಹಾಗಾಗಿ ಹಲಗೆ ಎರಡೂ ಕಡೆಗೆ ಸಮನಾಗಿ ಓಡಾಡುತ್ತದೆ. ಚೌಕಟ್ಟಿನ ಮೂಲೆಗಳಲ್ಲಿ, 24 ಮಿ.ಮೀ. ದಪ್ಪದ ಪಟ್ಟಿಗೆ ಮೂರನೆಯ ಒಂದು ಪಾಲು, ಅಂದರೆ 8 ಮಿ.ಮೀ. ದಪ್ಪದ ಕೂಸು (ಪಟ್ಟಿಯ ತುದಿಯ ನಾಲಿಗೆ) ತೆಗೆದು ಇನ್ನೊಂದು ಪಟ್ಟಿಯ ಕುಳಿಯಲ್ಲಿ ಕೂರಿಸಿ, ಅಡ್ಡಲಾಗಿ ಬಿದಿರಿನ ಮೊಳೆ ಹೊಡೆದೆ.

ಕೆತ್ತನೆಯ ವಿನ್ಯಾಸವೂ ಈ ಅಳತೆಗೆ ಬಗ್ಗಬೇಕು. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳಲ್ಲಿ ಕಾಣುವ ಕಾವಿ ಕಲೆಯ ಹೂವನ್ನು ಆಯ್ದುಕೊಂಡೆ. ಸುಣ್ಣದ ಗಾರೆಯ ಮೇಲಿನ ಕೆಮ್ಮಣ್ಣಿನ ಲೇಪವನ್ನು ಗೀರಿ, ಕೆಳಗಿನ ಬಿಳುಪಿನಲ್ಲಿ ಚಿತ್ರ ಮೂಡಿಸುವ ಕಲೆ ಅದು. ಕೈವಾರದಿಂದ ಒಂದರೊಳಗೊಂದು ವೃತ್ತ ಎಳೆದರೆ ದಳಗಳು ತಾವಾಗಿ ಹುಟ್ಟುತ್ತವೆ. ಕೆತ್ತನೆಯೇ ಕುಲಕಸುಬಾದ ಗುಡಿಗಾರರ ಕೆಲಸದಲ್ಲಿ ಕಾಣುವಂಥ ಬಳ್ಳಿಯೊಂದನ್ನು ಅದರ ಸುತ್ತ ಸೇರಿಸಿದೆ. ಆದರೆ ಬಳ್ಳಿಯನ್ನು ಹಲಗೆಯ ಅಂಚಿನವರೆಗೆ ಒಯ್ಯದೆ ಒಂದು ಬೆರಳಿನಷ್ಟು ಬರಿಯ ಜಾಗ ಬಿಟ್ಟೆ. ಹಲಗೆ ಹಿಗ್ಗಿ ತೋಡಿನೊಳಗೆ ಸರಿದಾಗ ಎಲೆಯ ತುದಿ ಕತ್ತರಿಸಿದಂತೆ ಕಾಣಬಾರದಲ್ಲ.

ಹಲಸಿನ ಎಳೆಗಳು ಕೆಲವೆಡೆ ಒಂದಕ್ಕೊಂದು ಎದುರಾಗಿ ಹೆಣೆದಿರುತ್ತವೆ. ದಳದ ಒಂದು ಬದಿಯಲ್ಲಿ ನುಣ್ಣಗೆ ಜಾರಿದ ಉಳಿ ಇನ್ನೊಂದು ಬದಿಯಲ್ಲಿ ನಾರು ಕೀಳುತ್ತದೆ. ಅಂಥಲ್ಲಿ ಕೊಡತಿಯನ್ನು ಬದಿಗಿಟ್ಟು, ಉಳಿಯನ್ನು ಎರಡೂ ಕೈಯಲ್ಲಿ ಹಿಡಿದು, ಓರೆಯಾಗಿ ಜಾರಿಸುತ್ತ ಕೂದಲೆಳೆಯಷ್ಟೇ ತೆಗೆಯಬೇಕು. ನಡುನಡುವೆ ಚರ್ಮದ ಪಟ್ಟಿಯ ಮೇಲೆ ಉಳಿಯನ್ನು ತೀಡುತ್ತಿರಬೇಕು. ಕೆತ್ತಿದ ಮೇಲೆ ಉಪ್ಪುಕಾಗದ ಹಾಕುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಅದು ದಳದ ಅಂಚನ್ನು ಮೊಂಡಾಗಿಸಿ ನೆರಳನ್ನೇ ಅಳಿಸಿಬಿಡುತ್ತದೆ.

ಜೋಡಿಸುವ ಮೊದಲೇ ಹಲಗೆಗೆ ಅಂಚಿನ ಸಮೇತ, ಮುಂದೆಯೂ ಹಿಂದೆಯೂ ಸಮನಾಗಿ ಪಾಲಿಶ್ ಕೊಡಬೇಕು. ಒಂದೇ ಮುಖಕ್ಕೆ ಕೊಟ್ಟರೆ ಇನ್ನೊಂದು ಮುಖ ಬೇಗ ತೇವ ಹೀರಿ ಹಲಗೆ ಬಾಗುತ್ತದೆ. ಅಂಚನ್ನು ಬಿಟ್ಟರೆ ಬೇಸಿಗೆಯಲ್ಲಿ ಹಲಗೆ ಕುಗ್ಗಿದಾಗ ಬಣ್ಣವಿಲ್ಲದ ಗೆರೆ ಇಣುಕುತ್ತದೆ. ಅರಗಿನ ಪಾಲಿಶ್ ತೇವದ ಗಾಳಿಯಲ್ಲಿ ಬೆಳ್ಳಗೆ ಮಂಜುಗಟ್ಟುವುದರಿಂದ ಆ ಕೆಲಸವನ್ನು ಜನವರಿ, ಫೆಬ್ರವರಿಯಲ್ಲೇ ಮುಗಿಸಿದೆ. ಕಾಲುಗಳ ಅಡಿಗೆ ಮತ್ತು ಬೆನ್ನಿನ ಹಲಗೆಯ ಹೊರಮುಖಕ್ಕೆ ಮಾತ್ರ ಗೆದ್ದಲು ಬಾರದಂತೆ ಗೇರೆಣ್ಣೆ ಹಚ್ಚಿ, ಬಹುಕಾಲ ಒಣಗಲು ಬಿಟ್ಟೆ.

ಸಮುದ್ರದ ಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ಬಿಜಾಗರಿ, ಸ್ಕ್ರೂ ಎಲ್ಲವೂ ಹಿತ್ತಾಳೆಯವು. ಹಿತ್ತಾಳೆ ಸ್ಕ್ರೂ ಗಟ್ಟಿ ಮರದಲ್ಲಿ ಮುರಿಯುತ್ತದೆ. ಅದಕ್ಕಾಗಿ ತೂತು ಕೊರೆದು, ಅದೇ ಅಳತೆಯ ಕಬ್ಬಿಣದ ಸ್ಕ್ರೂವನ್ನು ಮೊದಲು ತಿರುಗಿಸಿ ಹೊರತೆಗೆದು, ಬಳಿಕ ಹಿತ್ತಾಳೆಯದಕ್ಕೆ ಮೇಣ ಸವರಿ ಕೂರಿಸುತ್ತೇನೆ. ಮೇಲಿನ ಬಾಗಿಲಿನ ಗಾಜನ್ನು ಸುತ್ತಲೂ 2 ಮಿ.ಮೀ. ಸಡಿಲ ಬಿಟ್ಟು, ಒಳಗಿನಿಂದ ತೆಗೆಯಬಹುದಾದ ಬೀಡಿಂಗ್ ಪಟ್ಟಿಗಳಿಂದ ಹಿಡಿಸಿದೆ. ಗಾಜು ಒಡೆದರೆ ಚೌಕಟ್ಟನ್ನು ಬಿಚ್ಚುವ ಅಗತ್ಯ ಬೀಳದು.

ಎರಡು ಬಾಗಿಲುಗಳು ಕೂಡುವಲ್ಲಿ ಬೇಸಿಗೆಯಲ್ಲೇ 3 ಮಿ.ಮೀ. ಸಂದು ಇಟ್ಟು, ಅದು ಕಣ್ಣಿಗೆ ಬೀಳದಂತೆ ಬಲಬಾಗಿಲಿಗೆ ತೆಳುವಾದ ಮುಚ್ಚುಪಟ್ಟಿ ಕೂರಿಸಿದ್ದೇನೆ. ಆಷಾಢದ ಜಡಿಮಳೆಯಲ್ಲಿ ಹೋಗಿ ನೋಡಿದಾಗ ಸಂದು ಅರ್ಧಕ್ಕಿಳಿದಿತ್ತು. ಬಾಗಿಲು ಎಲ್ಲಿಯೂ ಉಜ್ಜದೆ ತೆರೆಯಿತು, ಕೀಸುವ ಪ್ರಮೇಯ ಬರಲಿಲ್ಲ.